ದರ್ಜಿ ಎಳೆದ ತಂತಿ

ಒಂದಾನೊಂದು ನದಿಗೆ ಒಂದು ಹಳೇ ದೋಣಿ, ಆ ದೋಣಿಗೊಬ್ಬ ದರ್ಜಿ, ಆ ದರ್ಜಿಗೊಬ್ಬಳು ಹೆಂಡತಿ. ದೋಣಿಯ ಪುಟ್ಟ ಕೋಣೆಯಲ್ಲಿ ದೀಪ ಹಾಕಿಸ್ತೀನಿ, ನೀರಿನ ಮೇಲೆ ಕೂತು ಪುಸ್ತಕ ಓದುವಿಯಂತೆ ಎಂದು ಅವನು ಮದುವೆಯ ಮರುದಿನ ಮಾತು ಕೊಟ್ಟಿದ್ದ. ಅದಾಗಿ ಏಳು ವರ್ಷ. ಅಷ್ಟರಲ್ಲಿ ದೋಣಿಯ ಹಳೇ ತಂತಿಯನ್ನು ಇಲಿಯೊಂದು ನಡುಮಧ್ಯೆ ಕಡಿದು, ಆ ಇಲಿಗೆ ಮೊಮ್ಮಕ್ಕಳೂ ಆಗಿದ್ದವು.

"ಇವತ್ತು ಹೊತ್ತು ಮುಳುಗೋದ್ರೊಳಗೆ ದೀಪ ಹತ್ತಬೇಕು ರೀ," ಎಂದಳು ಹೆಂಡತಿ. "ಇಲ್ಲಾಂದ್ರೆ ನಾಳೆ ದೋಣಿ ಗುಜರಿಯವನಿಗೆ. ಕಾದು ಕಾದು ನನಗೆ ಕನ್ನಡಕವೇ ಬಂತು."

ಆ ದೋಣಿ ದರ್ಜಿಯ ಕನಸುಗಳ ಗೂಡು. ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಮನಸ್ಸು ಅದರಲ್ಲೇ ತೇಲುತ್ತಿತ್ತು. ಹಾಗಾಗಿ ಊರಲ್ಲಿ ಎಷ್ಟೋ ಅಂಗಿಗಳ ಎಡತೋಳು ಬಲತೋಳಿಗಿಂತ ಉದ್ದ. ಹೊಲಿಗೆ ಮಾತ್ರ ಗಟ್ಟಿ. 'ಬಟ್ಟೆ ಹರಿದರೂ ಹೊಲಿಗೆ ಬಿಚ್ಚದು' ಎಂದು ಅಂಗಡಿಯ ಬೋರ್ಡೇ ಸಾರುತ್ತಿತ್ತು.

ಸುದ್ದಿ ಕೇಳಿ ಅಂಬಿಗ ತಾತ ಬಂದ, ಕರೆಯದಿದ್ದರೂ. ಬೇಕರಿ ಅಕ್ಕ ಬಂದಳು, ಬೇಡವೆಂದರೂ.

"ಅಲ್ಲಪ್ಪಾ, ನನ್ನ ನೀಲಿ ಹೂವಿನ ಬಟ್ಟೇಲಿ ಉಳಿದ ಅರ್ಧ ಮೀಟರ್ ಎಲ್ಲಿ?" ಬಂದವಳೇ ಅಕ್ಕ ಶುರುಮಾಡಿದಳು.

"ದೇವರಾಣೆ ಅಕ್ಕಾ, ಒಂದೆಳೆ ಉಳೀಲಿಲ್ಲ. ಈಗ ದೀಪದ ವಿಷಯ ನೋಡೋಣ."

"ಪೈಜಾಮಕ್ಕೆ ಲಾಡಿ ಹಾಕಿದ ಹಾಗೇ ಕಣಯ್ಯಾ," ಎಂದ ತಾತ. "ಹಳೇ ತಂತಿ ಬಾಲಕ್ಕೆ ಹೊಸದನ್ನ ಗಂಟು ಹಾಕು. ಕೋಣೆ ಕಡೆಯಿಂದ ನಾವು ಎಳೀತೀವಿ."

ಬಾಲವಿದ್ದದ್ದು ನೆಲಹಲಗೆಯ ಕೆಳಗೆ, ಹೊಟ್ಟೆ ಒಳಗೆಳೆದುಕೊಂಡವನು ಮಾತ್ರ ನುಗ್ಗಬಹುದಾದ ಸಂದಿನಲ್ಲಿ. ದರ್ಜಿ ಬ್ಯಾಟರಿಯಿದ್ದ ಹಿಂಬದಿಯಿಂದ ತೆವಳಿದ. ತೆವಳಲು ಎರಡೂ ಕೈ ಬೇಕಲ್ಲ? ಹೊಸ ತಂತಿಯ ತುದಿಯನ್ನು ಪ್ಯಾಂಟಿನಲ್ಲಿ ಬೆಲ್ಟು ತೂರಿಸುವ ಲೂಪಿನೊಳಗೆ ಸಿಕ್ಕಿಸಿಕೊಂಡ. ದೋಣಿಯ ನಡುಭಾಗ ಮುಟ್ಟಿ, ಹಳೇ ತಂತಿಗೆ ಗಂಟು ಹಾಕಿ, "ಎಳೀರಿ!" ಎಂದು ಕೂಗಿದ.

ತಂತಿ ಸೊಂಟದ ಪಕ್ಕ ಸರಸರ ಸರಿಯತೊಡಗಿತು. ಕೆನ್ನೆಯಡಿಯ ಹಲಗೆಯಾಚೆ ನದಿ ಏನನ್ನೋ ಗುನುಗುತ್ತಿತ್ತು. ತನಗೂ ಮೀನುಗಳಿಗೂ ನಡುವೆ ಬೆರಳಷ್ಟು ದಪ್ಪದ ಮರ ಮಾತ್ರ ಎನಿಸಿ ಅವನಿಗೆ ಹಿತವಾಯಿತು. ನೀರಿನೊಳಗೆ ಹೆಂಡತಿ ದೀಪವಿಟ್ಟುಕೊಂಡು ಕೂತಿದ್ದಾಳೆ, ಮೀನುಗಳಿಗೆ ಕತೆ ಓದುತ್ತಿದ್ದಾಳೆ, ದೊಡ್ಡ ಮೀನೊಂದು ಬಾಲದಿಂದ ಪುಟ ತಿರುವುತ್ತಿದೆ... ದರ್ಜಿ ನಿದ್ದೆಹೋದ.

"ಎರಡೂ ತುದಿ ಬಿಗಿದಾಯ್ತು ಕಣಯ್ಯಾ!"

ತಾತನ ಕೂಗಿಗೆ ಎಚ್ಚರವಾಯಿತು. ಹೊರಡಲು ನೋಡಿದರೆ, ತಂತಿ ಇನ್ನೂ ಲೂಪಿನೊಳಗೇ! ದಾರಕ್ಕೆ ಪೋಣಿಸಿದ ಮಣಿಯಂತೆ ಹಿಂದೆ ಮುಂದೆ ಸರಿಯಬಹುದಿತ್ತು, ಹೊರಗೆ ಬರುವಂತಿರಲಿಲ್ಲ. ಲೂಪನ್ನು ಜಗ್ಗಿದ, ಹಲ್ಲಿಂದ ಕಚ್ಚಲು ಸೊಂಟ ತಿರುಚಿದ. ಊಹೂಂ. ಬೋರ್ಡು ಸುಳ್ಳು ಹೇಳಿರಲಿಲ್ಲ.

"ಅಕ್ಕಾ, ನನ್ನ ಕತ್ತರಿ ಕೊಡ್ತೀರಾ?"

"ಅದರಲ್ಲೇ ತಂತಿ ಸಿಪ್ಪೆ ಸುಲಿದೆ. ಆಮೇಲೆ ತಾನಾಗೇ ನದಿಗೆ ಹಾರಿಬಿಡ್ತಪ್ಪಾ. ಯಾಕೆ ಬೇಕಿತ್ತು?"

"ಸುಮ್ನೆ ಕೇಳಿದೆ."

ತಂತಿ ಬಿಚ್ಚಿಸಿ ಮತ್ತೆ ಕಟ್ಟಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ದೋಣಿ ಹೋಗುತ್ತದೆ. ದರ್ಜಿ ಕಣ್ಣು ಮುಚ್ಚಿ ಪ್ಯಾಂಟಿನ ಗುಂಡಿ ಬಿಚ್ಚಿದ. ಕೋಣೆಯಲ್ಲಿ ಆಗಲೇ ಮಬ್ಬುಗತ್ತಲು, ಸುತ್ತಿಕೊಳ್ಳಲು ಮೂಲೆಯಲ್ಲೊಂದು ಚಾದರವೂ ಇದೆ.

"ಯಾರಾದ್ರೂ ಇದೀರಾ?" ಎಂದ, ಕೋಣೆ ಕಡೆಗೆ ತೆವಳಿ, ಸಂದಿನ ಬಾಯಲ್ಲಿ ತಲೆ ಇಟ್ಟು.

ಸದ್ದಿಲ್ಲ. ಎಲ್ಲರೂ ದಡಕ್ಕೆ ಹೋಗಿರಬೇಕು. ಹಾವು ಪೊರೆ ಬಿಟ್ಟಂತೆ ಪ್ಯಾಂಟನ್ನು ತಂತಿಗೇ ಬಿಟ್ಟು ಮೆಲ್ಲಗೆ ಮೇಲೆದ್ದ.

ಏಳು ವರ್ಷದ ದೀಪ, ಮೊದಲು ಅವರೇ ನೋಡ್ಲಿ ಎಂದು ಹೆಂಡತಿ ಎಲ್ಲರನ್ನೂ ಸುಮ್ಮನಿರಿಸಿ, ಅದೇ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ಅವನಿಗೇನು ಗೊತ್ತು? ಸ್ವಿಚ್ಚು ಟಕ್ಕೆಂದಿತು.

ಬೆಳಕು ಜೇನಿನಂತೆ ಕೋಣೆ ತುಂಬಿ, ಕಿಟಕಿಯಿಂದ ತುಳುಕಿ, ನದಿಯ ಮೇಲೆ ಹರಿಯಿತು. ಅದರ ನಟ್ಟನಡುವೆ ದರ್ಜಿ ನಿಂತಿದ್ದ, ನೀಲಿ ಹೂವಿನ ಚಡ್ಡಿಯಲ್ಲಿ. ಅರ್ಧ ಮೀಟರ್, ಒಂದೆಳೆಯೂ ಪೋಲಾಗಿರಲಿಲ್ಲ.

ಬೇಕರಿ ಅಕ್ಕ ಗಾಳಿಯಲ್ಲೇ ಗೇಣು ಹಾಕಿ ಬಟ್ಟೆ ಅಳೆಯತೊಡಗಿದಳು.

ಹೆಂಡತಿ ನಿಧಾನವಾಗಿ ಕೂತು, ಪುಸ್ತಕ ಬಿಡಿಸಿ, ಕನ್ನಡಕ ಏರಿಸಿದಳು.

"ಕಾಣ್ತಿದೆಯಾ?" ಎಂದ ದರ್ಜಿ, ಸಣ್ಣ ದನಿಯಲ್ಲಿ.

"ಎಲ್ಲಾ ಕಾಣ್ತಿದೆ ರೀ. ದೋಣಿ ಕೊಡಲ್ಲ," ಎಂದು ಅವಳು ಮೊದಲ ಪುಟ ತಿರುವಿದಳು.