ಬಾಗಿಲು ಹಾಕಿದ ಕಾರಿನೊಳಗೆ ನಮ್ಮ ಕಾಕಾ

ಮಳೆ ಬಂದರೆ ಜಗತ್ತಿನ ಜನರೆಲ್ಲ ಕಾರಿನಿಂದ ಇಳಿದು ಮನೆಯೊಳಗೆ ಓಡುತ್ತಾರೆ. ನಮ್ಮ ಕಾಕಾ ಮಾತ್ರ ಮನೆಯಿಂದ ಹೊರಗೋಡಿ ಯಾರದೋ ಕಾರಿನೊಳಗೆ ಹೋಗಿ ಕೂರುತ್ತಾರೆ! ಅವರಿಗೆ ಸ್ವಂತ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಎಂಜಿನ್ ಮುಂದಿರುತ್ತದೋ ಹಿಂದಿರುತ್ತದೋ ಎಂದು ಕೇಳಿದರೆ ಅದು ತಮ್ಮ ಖಾತೆಯಲ್ಲ ಎಂದುಬಿಡುತ್ತಾರೆ. ಅವರ ಖಾತೆ ಒಂದೇ. ಬಾಗಿಲು ಹಾಕಿದ ವಾಹನದೊಳಗೆ ಮಳೆನೀರು ಎಲ್ಲಿಂದ ನುಗ್ಗಿತು ಎಂದು ಪತ್ತೆ ಮಾಡುವುದು. ಇಂಥದೂ ಒಂದು ಹುಚ್ಚು ಇರುತ್ತದೆಯೇ ಎಂದು ನೀವು ಕೇಳಬಹುದು. ಅವರ ಹೆಂಡತಿ, ನಮ್ಮ ಕಾಕು, ದಿನಾ ಅದನ್ನೇ ಕೇಳುತ್ತಾಳೆ.

ನೌಕರಿಯಲ್ಲಿದ್ದಾಗ ಕಾಕಾ ಮಾನ್ವಿ ಕಡೆಯ ಗದ್ದೆಗಳಿಗೆ ಹೋಗುವ ಕಾಲುವೆ ನೋಡಿಕೊಳ್ಳುತ್ತಿದ್ದರು. ಏರಿಯ ಮೇಲೆ ನಡೆಯುತ್ತ ನಡೆಯುತ್ತ ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಕಿವಿ ಹಚ್ಚಿ, ಇಲ್ಲಿ ಜಿನುಗುತ್ತಿದೆ ಅಗೆಯಿರಿ ಎನ್ನುತ್ತಿದ್ದರಂತೆ. ಅಗೆದರೆ ಸರಿಯಾಗಿ ಅಲ್ಲೇ ನೀರು! ಆಮೇಲೆ ನಿವೃತ್ತರಾದರು. ಕಾಲುವೆ ಅಲ್ಲೇ ಉಳಿಯಿತು, ಕಿವಿ ಮಾತ್ರ ಇವರ ಜೊತೆ ಮಾನ್ವಿಯ ಮನೆಗೆ ಬಂತು. ಮನೆಯಲ್ಲಿ ಸೋರುವ ನಲ್ಲಿಗಳೆಲ್ಲ ಮುಗಿದ ಮೇಲೆ ಅವರು ಊರವರ ಕಾರುಗಳ ಮೇಲೆ ಬಿದ್ದರು.

ಅವರ ಪರೀಕ್ಷೆಗೆ ಒಮ್ಮೆ ಸಿಕ್ಕವರು ಜನ್ಮದಲ್ಲಿ ಮರೆಯುವುದಿಲ್ಲ. ರಾಯಚೂರಿನಲ್ಲಿ ಪಾಠ ಹೇಳಿಕೊಂಡಿರುವ, ಅವರ ಅಣ್ಣನ ಮಗಳಾದ ನಾನು ಹಲವು ಸಲ ಸಿಕ್ಕಿದ್ದೇನೆ, ಯಾಕೆಂದರೆ ಅವರನ್ನು ಊರೂರಿಗೆ ಕರೆದೊಯ್ಯುವ ಕಾರು ನನ್ನದು. ಮೊದಲು ಗಾಜುಗಳಿಗೆಲ್ಲ ಕೌದಿ ಹೊದಿಸಿ ಒಳಗೆ ಕತ್ತಲು ಮಾಡಿಸುತ್ತಾರೆ. ಹೊರಗಿನಿಂದ ಯಾರಾದರೂ ಪೈಪು ಹಿಡಿದು ಬಾಗಿಲುಗಳ ಮೇಲೆ ನೀರು ಬಿಡಬೇಕು, ಆಮೇಲೆ ನಿಲ್ಲಿಸಬೇಕು. ಅಷ್ಟು ಹೊತ್ತೂ ಕಾಕಾ ಕಣ್ಣುಮುಚ್ಚಿ ಒಳಗೆ ಕೂತಿರುತ್ತಾರೆ. ಪಕ್ಕದಲ್ಲಿ ನಾನು. ಹಸಿ ಮ್ಯಾಟಿನ ವಾಸನೆ, ಹಾಳುಬಾವಿಯೊಳಗೆ ಇಣುಕಿದ ಹಾಗೆ. ನನ್ನ ಉಸಿರೇ ತಿರುಗಿ ಬಂದು ಮುಖಕ್ಕೆ ತಾಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಆ ಕತ್ತಲೊಳಗೆ ಅವರು ಪಿಸುಗುಡುತ್ತಾರೆ.

"ಬಂದ."

ಬಂದವನು ನೀರು. ಕಾಕಾ ನೀರಿಗೆ ಯಾವತ್ತೂ 'ಆತ' ಎಂದೇ ಅನ್ನುವುದು. ಮೊದಲ ಸಲ ಕೇಳಿದಾಗ ನಾನು ಬಾಗಿಲು ತೆಗೆದು ಓಡಿಬಿಡುವುದೊಂದು ಬಾಕಿ! "ಆತ ಕಂಡಲ್ಲಿಂದ ಬರಂಗಿಲ್ಲ ಬೇ," ಎಂದರು ಕಾಕಾ. "ಒಂದು ಕಡಿಂದ ಒಳಗ ಬರ್ತಾನ, ಇನ್ನೊಂದು ಕಡಿ ಹೋಗಿ ಕುಂದರ್ತಾನ."

ಸಿರವಾರದ ರೈಸ್‌ಮಿಲ್ ಸಾಹುಕಾರರೊಬ್ಬರ ಕಾರಿನ ಕತೆ ಕೇಳಿ. ಬ್ರೇಕ್ ಹಾಕಿದಾಗಲೆಲ್ಲ ಹಿಂದಿನ ಸೀಟಿನ ಹತ್ತಿರ ಯಾರೋ ಗಟಗಟ ನೀರು ಕುಡಿದ ಸದ್ದು! ತಿರುಗಿ ನೋಡಿದರೆ ಯಾರೂ ಇಲ್ಲ. ಡ್ರೈವರು ಕೆಲಸ ಬಿಟ್ಟ. ಸಾಹುಕಾರರು ಚಕ್ರಕ್ಕೆ ನಿಂಬೆಹಣ್ಣು ಕೊಟ್ಟರು, ಸ್ಟೇರಿಂಗಿಗೆ ವಿಭೂತಿ ಹಚ್ಚಿದರು. ಕುಡಿಯುವವನು ಕುಡಿಯುತ್ತಲೇ ಇದ್ದ. ಕಾಕಾ ಹೋದವರೇ ನೆಲಕ್ಕೆ ಮಂಡಿಯೂರಿ, ಬಾಗಿಲಿನ ತಳದಲ್ಲಿ ಬೆರಳಾಡಿಸಿ, ಒಂದು ಕಸಬರಿಗೆ ಕಡ್ಡಿ ಕೇಳಿದರು. ಗಾಜಿನ ಸಂದಿಯಿಂದ ಬಾಗಿಲಿನ ಹೊಟ್ಟೆಗೆ ಇಳಿದ ಮಳೆನೀರು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಿಲ್ಲಿನ ಹೊಟ್ಟು ಹಾರಿ ಬಂದು ಅವೆಲ್ಲ ಮುಚ್ಚಿಹೋಗಿದ್ದವು. ಕಡ್ಡಿ ಆಡಿಸಿದ್ದೇ ತಡ, ಬಾಗಿಲೊಳಗಿದ್ದ ನೀರೆಲ್ಲ ಭಸಕ್ಕನೆ ಸಾಹುಕಾರರ ಹೊಸ ಚಪ್ಪಲಿಯ ಮೇಲೆ! ದೆವ್ವ ಹೊಟ್ಟು ತಿನ್ನುತ್ತದೆ ಎಂದು ತಮಗೆ ಗೊತ್ತಿರಲಿಲ್ಲ ಎಂದರು ಅವರು.

ಗುಂಜಹಳ್ಳಿಯಲ್ಲಿ ನನ್ನ ತಮ್ಮನ ಮದುವೆ ನಡೆದಾಗ ಆದದ್ದು ಇನ್ನೂ ಚೆಂದ. ಅಕ್ಷತೆಗೆ ಸರಿಯಾಗಿ ಮಳೆ ಶುರುವಾಯಿತು, ಕಾಕಾ ಮಾಯ. ಹುಡುಕಿದರೆ ಹೂವು ಕಟ್ಟಿದ ಮದುಮಕ್ಕಳ ಕಾರಿನೊಳಗಿದ್ದಾರೆ, ಕಣ್ಣುಮುಚ್ಚಿಕೊಂಡು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರು ಮುನಿಸಿಕೊಂಡು ಕಾರಿನ ಬಾಗಿಲು ಹಾಕಿ ಕೂತಿದ್ದಾರೆಂದು ಹೆಣ್ಣಿನ ಕಡೆ ಸುದ್ದಿ ಹಬ್ಬಿಹೋಯಿತು. ಉಪ್ಪಿಟ್ಟಿನಲ್ಲಿ ಕಡಿಮೆಯಾಯಿತೇ, ಮಾತಿನಲ್ಲಿ ಹೆಚ್ಚಾಯಿತೇ ಎಂದು ಅವರವರಲ್ಲೇ ಜಗಳ. ಬೀಗರು ಶಾಲು, ತೆಂಗಿನಕಾಯಿ ಹಿಡಿದು ಮಳೆಯಲ್ಲೇ ಬಂದು ಗಾಜಿನ ಹೊರಗೆ ಕೈಮುಗಿದು ನಿಂತರು. ಒಳಗಿನಿಂದ ಕಾಕಾ ತುಟಿಯ ಮೇಲೆ ಬೆರಳಿಟ್ಟರು. ನಮ್ಮ ಸಂಗಡ ಮಾತೂ ಬೇಡವೇ ಎಂದು ಹುಡುಗಿಯ ತಾಯಿ ಅಳತೊಡಗಿದರು! ಕೊನೆಗೆ ಬಾಗಿಲು ತೆರೆದ ಕಾಕಾ ಆ ಹೊಸ ಶಾಲನ್ನು ಇಸಿದುಕೊಂಡು ಬಾಗಿಲಿನ ರಬ್ಬರಿಗೆ ಒತ್ತಿ ಹಿಡಿದು, ಎಲ್ಲಿ ಒದ್ದೆಯಾಗುತ್ತದೆ ಎಂದು ನೋಡತೊಡಗಿದರು. ಗಂಡಿನ ಕಡೆಯವರು ಶಾಲು ತೆಗೆದುಕೊಂಡರು ಎಂದು ಚಪ್ಪರದ ತುಂಬ ಸಂತೋಷವೋ ಸಂತೋಷ.

ಇನ್ನು ಈ ಮಳೆಗಾಲದ ದೇವದುರ್ಗದ ಮಾತು. ಅದನ್ನು ನಗುತ್ತ ಹೇಳಲು ನನಗೆ ಅಷ್ಟು ಸಲೀಸಲ್ಲ.

ಅಲ್ಲಿ ಒಬ್ಬಾಕೆ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ರಾಯಚೂರಿನ ಹಾಸ್ಟೆಲುಗಳಿಗೆ ಕಳಿಸುತ್ತಾಳೆ. ಎಲ್ಲರೂ ರೊಟ್ಟಿ ಅಕ್ಕ ಎನ್ನುತ್ತಾರೆ. ಬುಟ್ಟಿ ಸಾಗಿಸಲು ಹಳೆಯ ವ್ಯಾನೊಂದನ್ನು ಕೊಂಡಳು. ಕೊಂಡ ಮೇಲೆ ತಿಳಿದದ್ದು, ಅದು ಮೊದಲು ಆಸ್ಪತ್ರೆಯಿಂದ ಹಳ್ಳಿಗಳಿಗೆ ಹೆಣ ಒಯ್ಯುವ ಗಾಡಿಯಾಗಿತ್ತು. ಆಗ ಶುರುವಾಯಿತು ನೋಡಿ. ಮಳೆ ನಿಂತು, ಬಿಸಿಲು ಬಿದ್ದು, ಮೇಲೆಲ್ಲ ಒಣಗಿದ ಮೇಲೆ, ಒಳಗಿನ ಉದ್ದ ಸೀಟು ಒದ್ದೆಯಾಗುತ್ತಿತ್ತು. ಅದೂ ಸುಮ್ಮನೆ ಅಲ್ಲ, ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದಷ್ಟು ಉದ್ದಕ್ಕೆ. ಹೆಂಗಸರು ವ್ಯಾನ್ ಹತ್ತುವುದಿಲ್ಲ ಎಂದರು. ಬಸ್ಸಿಗೆ ಹಾಕಿದ ರೊಟ್ಟಿ ಹುಡುಗರ ಊಟ ಮುಗಿದ ಮೇಲೆ ಮುಟ್ಟುತ್ತಿತ್ತು. ಹಾಸ್ಟೆಲಿನವರು ಸೋಮವಾರದಿಂದ ಬೇರೆ ಕಡೆ ನೋಡುತ್ತೇವೆ ಎಂದುಬಿಟ್ಟಿದ್ದರು.

"ನೀರಿದ್ರ ನೀರು ಅನ್ರಿ ಯಪ್ಪಾ," ಎಂದಳು ರೊಟ್ಟಿ ಅಕ್ಕ, ಕಾಕಾನ ಮುಂದೆ ನಿಂತು. "ನೀರಲ್ಲಂದ್ರ ಇವತ್ತೇ ಗುಜರಿಗೆ ಹಾಕ್ತೀನಿ. ವ್ಯಾನಿಲ್ಲಂದ್ರ ಒಲಿನೂ ಇಲ್ಲ, ಇವ್ರಿಗೆಲ್ಲ ಮನಿಗೆ ಹೋಗ್ರಿ ಅಂತೀನಿ."

ತಗಡಿನ ಶೆಡ್ಡಿನಲ್ಲಿ ವ್ಯಾನ್ ನಿಂತಿತ್ತು. ಹೆಂಗಸರು ದೂರ ಗೋಡೆಗಾತು ನಿಂತರು, ಪೈಪನ್ನು ಅಕ್ಕನೇ ಹಿಡಿದಳು. ಕೌದಿ ಹೊದಿಸಿದರು, ಸಂದಿಯಿಂದ ಒಂದಿಷ್ಟು ಬೆಳಕು ಮಾತ್ರ ಉಳಿಯಿತು. ನಾನು, ಕಾಕಾ ಒಳಗೆ ಆ ಸೀಟಿಗೆ ಒರಗಿ ನೆಲದ ಮೇಲೆ ಕೂತೆವು. ನೀರು ಬಿಟ್ಟರು, ನಿಲ್ಲಿಸಿದರು. ಕಾಕಾ ಕಣ್ಣು ಮುಚ್ಚಿದರು.

ಮೊದಲು ಏನೂ ಇಲ್ಲ. ಆಮೇಲೆ, ಟಪ್.

ಕಾಕಾನ ಹೆಗಲಿನ ಪಕ್ಕದಲ್ಲೇ, ಆ ಉದ್ದ ಸೀಟಿನ ರೆಕ್ಸಿನ್ ಮೇಲೆ. ಇನ್ನೊಂದು ಟಪ್. ನಾನು ಅವರು 'ಬಂದ' ಎನ್ನಲಿ ಎಂದು ಕಾದೆ. ಅವರು ಅನ್ನಲಿಲ್ಲ. ಟಪ್, ಟಪ್. ಯಾರೋ ಬೆರಳಿನಿಂದ ತಟ್ಟಿ ಎಬ್ಬಿಸುತ್ತಿರುವ ಹಾಗೆ. ಕಾಕಾ ಕಣ್ಣು ತೆರೆದು ತಲೆಯಲ್ಲಾಡಿಸಿದರು.

"ನೀರಿಲ್ಲ ಬೇ. ಏನೂ ಬರಾಕತ್ತಿಲ್ಲ. ಆಕೀಗೆ ಹೇಳು, ಇದು ನೀರಲ್ಲಂತ."

ಕಾಲುವೆಯ ನೀರನ್ನು ಮಣ್ಣಿನೊಳಗೆ ಕೇಳಿದ ಕಿವಿಗೆ ಕೇಳದ ಸದ್ದು ನನ್ನೊಬ್ಬಳಿಗೇ ಕೇಳುತ್ತಿದೆ ಎಂದರೆ ಅದು ನೀರಿನದು ಹೇಗಾದೀತು? ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು, ಶಿವಶಿವಾ ಎಂದು ಅವರ ತೋಳು ಹಿಡಿದುಕೊಂಡೆ. ಆ ಸೀಟಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಆಗ ಅವರ ಕಾಲ ಬಳಿ ಇಟ್ಟಿದ್ದ ಕೈಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮುಚ್ಚಿದ ವ್ಯಾನೆಲ್ಲ ತುಂಬಿ ಹೋಗುವಂಥ ಸದ್ದು. ಪರೀಕ್ಷೆಯ ಹೊತ್ತಿನಲ್ಲಿ ನಾನು ಸೀನಿದರೂ ಬೈಯುವ ಕಾಕಾ ಸುಮ್ಮನೆ ಕೂತಿದ್ದರು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅವರು ಚೀಲದ ಕಡೆ ನೋಡಲೂ ಇಲ್ಲ.

ಭಯವೆಲ್ಲ ಒಮ್ಮೆಲೇ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಭಯಕ್ಕಿಂತ ಕಷ್ಟದ್ದು. ಹೊರಗೆ ರೊಟ್ಟಿ ಅಕ್ಕ ಇವರ ಒಂದು ಮಾತಿಗೆ ಕಾಯುತ್ತಿದ್ದಾಳೆ. 'ನೀರಲ್ಲ' ಎಂದರೆ ಇಷ್ಟು ಹೆಂಗಸರ ಒಲೆ ಆರುತ್ತದೆ. 'ನಿಮಗೆ ಕಿವಿ ಕೇಳುತ್ತಿಲ್ಲ' ಎಂದು ನಾನು ಕೂಗಿದರೆ ಶೆಡ್ಡಿನವರಿಗೆಲ್ಲ ಕೇಳುತ್ತದೆ. ಮಾತಾಡದೆ ಅವರ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಸೀಟಿನ ಮೇಲಕ್ಕೆ ಚಾಚಿದೆ.

ಹನಿ ಬಿತ್ತು. ಇನ್ನೊಂದು ಬಿತ್ತು. ಕಾಕಾ ಬಹಳ ಹೊತ್ತು ಅಂಗೈಯನ್ನೇ ನೋಡಿದರು.

"ಯಾವಾಗಿಂದ ಬೀಳಾಕತ್ತದ?"

ಅವರ ಕಿವಿಗೆ ಬಾಯಿ ಹಚ್ಚಿ, ಆಗಿನಿಂದಲೂ ಬೀಳುತ್ತಿದೆ ಎಂದೆ.

ಅವರು ಎದ್ದು ಒಳಚಾವಣಿಯ ಬಟ್ಟೆಯ ಮೇಲೆ ಬೆರಳಾಡಿಸುತ್ತ, ಹಸಿ ಹಿಡಿದು ಹಿಡಿದು ಹಿಂಬಾಗಿಲವರೆಗೆ ಹೋದರು. ಅಲ್ಲಿ ಮೇಲಿನ ರಬ್ಬರು ಒಂದು ಕಡೆ ಚಪ್ಪಟೆಯಾಗಿತ್ತು. ಹೆಣದ ಸಂಗಡ ಮನೆಯವರೆಲ್ಲ ಹತ್ತಿ ತುಂಬಿಕೊಂಡರೆ ಹಿಂಬಾಗಿಲು ಹಾಕಲು ಬರುತ್ತಿರಲಿಲ್ಲ, ಹಗ್ಗದಿಂದ ಕಟ್ಟುತ್ತಿದ್ದರಂತೆ. ಹಗ್ಗ ತಿಕ್ಕಿದ ಜಾಗವದು. ಅಲ್ಲಿಂದ ಇಳಿದ ನೀರನ್ನು ಚಾವಣಿಯ ಬಟ್ಟೆ ಕುಡಿದು ಇಟ್ಟುಕೊಂಡು, ಮಳೆ ನಿಂತ ಮೇಲೆ ಹೊಲಿಗೆಯ ಉದ್ದಕ್ಕೂ ಸೀಟಿನ ಮೇಲೆ ಬಿಡುತ್ತಿತ್ತು.

ಕಾಕಾ ಇಳಿದು ಹೋಗಿ ಅಕ್ಕನ ಮುಂದೆ ನಿಂತರು. "ನೀರವ್ವಾ. ಬರೇ ನೀರು. ರಬ್ಬರ್ ಬದಲಿ ಮಾಡ್ಸು, ನಾಳಿಂದ ಓಡ್ಸು," ಎಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆಯೇ ವ್ಯಾನ್ ಹತ್ತಿ ಆ ಒದ್ದೆ ಸೀಟಿನ ಮೇಲೆ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹತ್ತಿದರು.

ವಾಪಸು ಬರುವಾಗ ಸಿರವಾರ ದಾಟುತ್ತಲೇ ಮಳೆ ಹಿಡಿಯಿತು. ಹಿಂದಿನ ಲಾರಿಯ ಹಾರ್ನೂ ಕೇಳದಷ್ಟು ಜೋರು. ಕಾಕಾ ನನ್ನ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಕಾಕೂಗೆ ಹೇಳಬೇಡ ಎಂದು ಒಮ್ಮೆ ಅಂದರು. ಆಮೇಲೆ, ಕಣ್ಣು ತೆರೆಯದೆಯೇ, ನನ್ನ ಕಡೆ ವಾಲಿ ಕೇಳಿದರು.

"ಹೆಂಗ ಸಪ್ಪಳ ಬರಾಕತ್ತದ, ಹೇಳು."

ನಾನು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಅವರ ಕಡೆ ಬಾಗಿ, ತಲೆಯ ಮೇಲೆ ಹತ್ತು ಮಂದಿ ಕೂಡಿ ರೊಟ್ಟಿ ಬಡಿದಂಗ ಅದ ಕಾಕಾ ಎಂದು ಕಿವಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು.

"ಗಾಜಿನ ಮ್ಯಾಲೆ?" ಎಂದರು.

ನಾನು ಗಾಜಿನ ಮೇಲಿನದನ್ನೂ ಹೇಳಿದೆ.