ಹಾಗಲಕಾಯಿ ತಿನ್ನುವ ಅರ್ಹತೆ

ಆಕ್ಷೇಪಣಾ ವಿಭಾಗದ ಸೂಪರಿಂಟೆಂಡೆಂಟರು ಆಲೂಗಡ್ಡೆಯ ಹೊರತು ಬೇರಾವ ತರಕಾರಿಯನ್ನೂ ಮಾನ್ಯ ಮಾಡಿರಲಿಲ್ಲ ಎಂಬುದು ನಿರ್ವಿವಾದ ಸಂಗತಿ. ಆ ಆಲೂಗಡ್ಡೆಯೂ ಎಣ್ಣೆಯಲ್ಲಿ ಕರಿದು ಬಂದರೆ ಮಾತ್ರ ಅಂಗೀಕಾರವಾಗುತ್ತಿತ್ತು. ಬಂದ ಕಡತಕ್ಕೆಲ್ಲ ತಕರಾರು ಬರೆದು ವಾಪಸು ಕಳಿಸುವುದು ಅವರ ಉದ್ಯೋಗ. ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಬೀನ್ಸ್ ಬಡಿಸಿದರೆ "ಉದ್ದದಲ್ಲಿ ಏಕರೂಪತೆ ಇಲ್ಲ" ಎನ್ನುವರು. ಸೊಪ್ಪು ಬಡಿಸಿದರೆ "ತಂದಾಗ ಇಷ್ಟೊಂದಿತ್ತು, ಈಗ ಇಷ್ಟೇ ಇದೆ, ಕಾರಣ ತಿಳಿಸುವುದು" ಎನ್ನುವರು. ತಟ್ಟೆ ಅಡುಗೆಮನೆಗೆ ಮರಳುತ್ತಿತ್ತು.

ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವವಳು. ಡಾಕ್ಟರು ಅವಳನ್ನೇ ಕೂರಿಸಿಕೊಂಡು ಹೇಳಿದರು: "ಇವರ ರಕ್ತದ ರಿಪೋರ್ಟ್ ನೋಡಿದ್ರೆ ಎಣ್ಣೆ ಅಂಗಡಿ ನೆನಪಾಗುತ್ತಮ್ಮ. ಹೀಗೇ ತಿಂತಾ ಹೋದ್ರೆ ಹೃದಯ ರಾಜೀನಾಮೆ ಕೊಡುತ್ತೆ."

"ಕೊಡಲಿ, ಸೂಕ್ತ ಮಾರ್ಗದಲ್ಲಿ ಬಂದರೆ ಪರಿಶೀಲಿಸೋಣ," ಎಂದರು ಸೂಪರಿಂಟೆಂಡೆಂಟರು.

ಹೆಂಡತಿ ನಗಲಿಲ್ಲ. ಸಂಜೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಈ ತಕರಾರಿನ ಮನುಷ್ಯನ ಎದುರು ಕೂತು ಟೀ ಕುಡಿಯುವುದೇ ಅವಳ ದಿನದ ಸುಖ. ಒಂದೇ ಲೋಟ ಟೀ ಮಾಡುವ ಸಂಜೆಯನ್ನು ನೆನೆಯಲೂ ಅವಳಿಗೆ ಧೈರ್ಯವಿರಲಿಲ್ಲ.

ಅವಳು ಗೋಗರೆದಳು, ಗದರಿದಳು. ಕ್ಯಾರೆಟ್ ತುರಿದು ಆಲೂಗಡ್ಡೆಯೊಳಗೆ ಬಚ್ಚಿಟ್ಟಳು. ಅವರು ಅದನ್ನು ಎಳೆಎಳೆಯಾಗಿ ಹೆಕ್ಕಿ, "ಅನಧಿಕೃತ ಸೇರ್ಪಡೆ" ಎಂದು ತಟ್ಟೆಯ ಅಂಚಿಗೆ ಜೋಡಿಸಿದರು.

ಒಂದು ದಿನ ಅವರು ಮರೆತುಹೋದ ಕನ್ನಡಕ ಕೊಡಲು ಅವಳು ಕಚೇರಿಗೆ ಹೋದಳು. ಗಂಡ ಕೈಯಿರುವ ಕುರ್ಚಿಯೊಂದರಲ್ಲಿ ಇಕ್ಕಟ್ಟಾಗಿ ಓರೆಯಾಗಿ ಕೂತಿದ್ದರು.

"ಸೊಂಟ ನೋಯಲ್ವೇನ್ರೀ?"

"ನೋಯದೆ ಏನು? ಆದ್ರೆ ಈ ಕುರ್ಚಿ ನಮ್ಮ ದರ್ಜೆಯವರಿಗೆ ಮಾತ್ರ ಕಣೇ. ಗುಮಾಸ್ತರಿಗೆ ಕೊಡಲ್ಲ. ಎಷ್ಟು ವರ್ಷ ಹೋರಾಡಿ ತಗೊಂಡಿದ್ದು ಗೊತ್ತಾ?"

ಅವಳಿಗೆ ದಾರಿ ಹೊಳೆಯಿತು. ಆ ಕಚೇರಿಯ ನಿರ್ದೇಶಕಿಯವರ ಕೋಟು ಹೊಲಿಯುತ್ತಿದ್ದುದು ಅವಳೇ. ಅಳತೆ ನೋಡುತ್ತ ನೋಡುತ್ತ ವಿಷಯ ತೆಗೆದಳು.

"ಒಂದು ಆದೇಶ ತಾನೆ? ಈ ವಾರ ಒಂದೂ ಹೊರಡಿಸಿಲ್ಲ, ಕೈ ತುರಿಸ್ತಾ ಇದೆ," ಎಂದರು ನಿರ್ದೇಶಕಿ. "ಆದ್ರೆ ಜೇಬು ಸ್ವಲ್ಪ ದೊಡ್ಡದಾಗಲಿ."

ಮರುದಿನ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: "ಸೊಪ್ಪು, ಬೀನ್ಸ್, ಕ್ಯಾರೆಟ್ ಹಾಗೂ ಹಾಗಲಕಾಯಿಗಳನ್ನು ಇನ್ನು ಮುಂದೆ ಮೊದಲ ದರ್ಜೆಯ ಅಧಿಕಾರಿಗಳು ಮಾತ್ರ ಸೇವಿಸತಕ್ಕದ್ದು. ಉಳಿದವರು ದೂರದಿಂದ ನೋಡಬಹುದು."

ಎರಡನೆಯ ದರ್ಜೆಯವರಾದ ಸೂಪರಿಂಟೆಂಡೆಂಟರು ಕೆಂಡವಾಗಿ ಮನೆಗೆ ಬಂದರು. "ನನ್ನ ಸರ್ವೀಸಿಗೆ ಒಂದು ಹಾಗಲಕಾಯಿಯ ಬೆಲೆಯೂ ಇಲ್ವಾ?"

"ನಿಮಗದು ಸೇರಲ್ವಲ್ಲ?"

"ಸೇರೋದು ಬಿಡೋದು ಬೇರೆ. ಇದು ಹಕ್ಕಿನ ಪ್ರಶ್ನೆ!"

ಆ ಬಳಿಕ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಕ್ಯಾಂಟೀನಿನವನು ಹಿಂಬಾಗಿಲಲ್ಲಿ ಬೇಯಿಸಿದ ಕ್ಯಾರೆಟ್‌ಗೆ ದುಪ್ಪಟ್ಟು ದರ ಕಟ್ಟಿದ. ಕೆಲಸ ಆಗಬೇಕಾದವರು ಮೇಜಿನ ಕೆಳಗಿನಿಂದ ಸೊಪ್ಪಿನ ಕಟ್ಟು ಸರಿಸತೊಡಗಿದರು. ವರ್ಷಗಳಿಂದ ಮಲಗಿದ್ದ ಕಡತಗಳು ಎದ್ದು ಓಡಿದವು. ಸೂಪರಿಂಟೆಂಡೆಂಟರೆಲ್ಲ ಸೇರಿ ಲೇಖನಿ ಕೆಳಗಿಟ್ಟು ಮುಷ್ಕರ ಹೂಡಿದರು. ಅವರು ಕೆಲಸ ನಿಲ್ಲಿಸಿದ್ದು ಸಾರ್ವಜನಿಕರಿಗೆ ಗೊತ್ತಾಗದ ಕಾರಣ, ಬಾಗಿಲಿಗೆ ಬೋರ್ಡು ಹಾಕಿ ತಿಳಿಸಬೇಕಾಯಿತು.

ನಿರ್ದೇಶಕಿ ಮಣಿಯುವ ಹೊತ್ತಿಗೆ ಕೋಟು ಎರಡನೆಯ ಅಳತೆಗೆ ಬಂದಿತ್ತು. ಗೆದ್ದಮೇಲೆ ಗಂಡ ತಿನ್ನುವುದನ್ನೇ ಬಿಟ್ಟರೆ ಎಂಬ ದಿಗಿಲು ಹೆಂಡತಿಗೆ. "ಮೇಡಂ, ಬಳಸದ ರಜೆ ರದ್ದಾಗೋ ಹಾಗೆ, ತಿನ್ನದ ತರಕಾರಿಯ ಹಕ್ಕೂ ರದ್ದಾಗಲಿ." ಇನ್ನೊಂದು ಜೇಬಿಗೆ ಒಪ್ಪಂದವಾಯಿತು. ಕೋಟಿನಲ್ಲಿ ಈಗ ಜೇಬಿಲ್ಲದ ಜಾಗವೇ ಕಡಿಮೆ.

ತಿದ್ದುಪಡಿಯ ಪ್ರಕಾರ ಸೂಪರಿಂಟೆಂಡೆಂಟರು ಕಚೇರಿಯಲ್ಲೂ ಮನೆಯಲ್ಲೂ ತರಕಾರಿಗೆ ಅರ್ಹರಾದರು. ಅಂದು ರಾತ್ರಿ ಹೊಸ ಅಂಗಿ ತೊಟ್ಟು ಊಟಕ್ಕೆ ಕೂತು, ಹಾಗಲಕಾಯಿಯ ಮೊದಲ ಹೋಳನ್ನು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು.

"ತುಂಬಾ ಕಹಿನಾ?"

"ಕಹಿ ಅಲ್ಲ, ಗೌರವ," ಎಂದು ನುಂಗಿದರು. ಹಕ್ಕು ರದ್ದಾಗಬಾರದೆಂದು ಬಟ್ಟಲು ಬರಿದು ಮಾಡಿದರು. ಹೀಗೇ ಸಾಗಿತು. ಮುಂದಿನ ರಿಪೋರ್ಟ್ ನೋಡಿದ ಡಾಕ್ಟರು ಎದ್ದುನಿಂತು ಕೈಕುಲುಕಿದರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಒಂದೇ ತೊಡಕು. ಯಾರೋ ಶ್ರದ್ಧಾವಂತ ಗುಮಾಸ್ತ ಆ ತಿದ್ದುಪಡಿಗೆ "ಕುಟುಂಬದವರು ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು" ಎಂದು ಸೇರಿಸಿದ್ದ. ಹೆಂಡತಿ ಬೀನ್ಸಿಗೆ ಕೈಹಾಕಿದಾಗ ಗಂಡ ಮೆಲ್ಲಗೆ ಬಟ್ಟಲು ಸರಿಸಿದರು. ಅವಳು ಅರ್ಜಿ ಕೊಟ್ಟಳು. ಅರ್ಜಿ ನೇರ ಆಕ್ಷೇಪಣಾ ವಿಭಾಗಕ್ಕೇ ಹೋಯಿತು. "ಅರ್ಜಿದಾರರ ದರ್ಜೆ ನಮೂದಾಗಿಲ್ಲ" ಎಂದು ಬರೆದು ಗಂಡನೇ ಅದನ್ನು ಮನೆಗೆ ತಂದುಕೊಟ್ಟರು. ಅವಳ ಪಾಲಿಗೆ ಕರಿದ ಆಲೂಗಡ್ಡೆ ಬಂತು.

ಸಂಜೆ ಎರಡು ಲೋಟ ಟೀ ಇಟ್ಟು ಅವಳು ಎದುರು ಕೂತಳು. ಗಂಡ ಬೇಯಿಸಿದ ಬೀನ್ಸಿನ ಬಟ್ಟಲನ್ನು ಇಬ್ಬರ ನಡುವೆ ಇಟ್ಟು, ಗಂಟಲು ಸರಿಮಾಡಿಕೊಂಡರು.

"ನಾನು ಸ್ವಲ್ಪ ಹೊತ್ತು ಕಿಟಕಿ ಪರಿಶೀಲನೆ ಮಾಡ್ತೀನಿ. ನನ್ನ ಗಮನಕ್ಕೆ ಬಾರದ್ದಕ್ಕೆ ತಕರಾರು ಬರೆಯೋಕೆ ನಿಯಮದಲ್ಲಿ ಅವಕಾಶ ಇಲ್ಲ."

ಅವರು ಕಿಟಕಿಯತ್ತ ತಿರುಗಿದರು. ಅವಳು ಬಟ್ಟಲಿನ ಅರ್ಧ ಮುಗಿಸುವ ತನಕ ಪರಿಶೀಲನೆ ನಡೆಯಿತು.