ಬಾಲವಿಲ್ಲದ ಮೈಕು

ಮೈಕಿಗೆ ಬಾಲವಿದ್ದಷ್ಟು ದಿನ ನಮ್ಮ ಅಂಗಡಿ ಮರ್ಯಾದೆಯಿಂದ ನಡೆಯಿತು. ತಂತಿ ಎಷ್ಟುದ್ದವೋ ಮಾತು ಅಷ್ಟುದ್ದ. ಭಾಷಣಕಾರ ಎಲ್ಲಿಗೂ ಓಡಿಹೋಗುವಂತಿರಲಿಲ್ಲ. ಬಾಲವಿಲ್ಲದ ವೈರ್‌ಲೆಸ್ ಮೈಕು ತಂದೆ ನೋಡಿ, ಅಲ್ಲಿಂದ ಹೋದಲ್ಲೆಲ್ಲ ಒಂದಲ್ಲ ಒಂದು ಪ್ರಸಂಗ.

ಮದ್ದೂರಿನಲ್ಲಿ ನಮ್ಮದೊಂದು ಸಣ್ಣ ಮೈಕ್‌ಸೆಟ್ ಅಂಗಡಿ. ಮದುವೆ, ಮೀಟಿಂಗು, ತಿಥಿ, ಯಾವುದಕ್ಕೆ ಕರೆದರೂ ನಾನೂ ನನ್ನ ಹೆಂಡತಿಯೂ ಹೋಗುತ್ತೇವೆ. ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತರೆ ನನಗೆ ಕನಸು ಹತ್ತುತ್ತದೆ. ಎಲ್ಲೋ ಒಬ್ಬರು ಬಾಯಿ ತೆರೆದರೆ ಆ ದನಿ ಬರಿಗಾಳಿಯಲ್ಲಿ ತೇಲಿಕೊಂಡು ಬಂದು, ನನ್ನ ಡಬ್ಬವನ್ನೇ ಹುಡುಕಿ ಇಳಿಯುತ್ತದಲ್ಲ, ಅದನ್ನು ನೆನೆದರೆ ಈಗಲೂ ಕಣ್ಣು ಅರ್ಧ ಮುಚ್ಚುತ್ತದೆ. ಮುಂದೆ ಹೇಳುವುದಕ್ಕೆಲ್ಲ ಅರ್ಧ ಕಾರಣ ಮೈಕು, ಇನ್ನರ್ಧ ಈ ಕಣ್ಣು.

೧. ಎಲ್ಲಿ ತನಕ ಕೇಳುಸ್ತು?

ಮೈಕು ಬಂದ ದಿನವೇ ಅದು ಎಷ್ಟು ದೂರದಿಂದ ದನಿ ಕಳಿಸುತ್ತದೆ ಎಂದು ನೋಡಬೇಕಿತ್ತು. ಹೆಂಡತಿಯ ಕೈಗೆ ಕೊಟ್ಟು, ಬೀದಿಯುದ್ದಕ್ಕೂ ಮಾತಾಡುತ್ತಾ ನಡೆ ಎಂದೆ.

‘ಏನಂತ ಮಾತಾಡ್ಲಿ?’

‘ಮನಸಲ್ಲಿ ಏನೈತೋ ಅದ್ನೇ ಮಾತಾಡು ಕಣಮ್ಮಿ.’

ಹಾಗೆ ಹೇಳಬಾರದಿತ್ತು. ಅವಳು ‘ಅಲೋ ಅಲೋ’ ಎನ್ನುತ್ತಾ ಮೆಟ್ಟಿಲಿಳಿದಳು. ಬೇಕರಿ ದಾಟುವಷ್ಟರಲ್ಲಿ ನನ್ನ ಗೊರಕೆಯ ವಿಚಾರ ಮುಗಿದಿತ್ತು. ಹಾಲಿನ ಡೈರಿಯ ಹತ್ತಿರ ನಮ್ಮವ್ವನ ಉಪ್ಸಾರು ಶುರುವಾಯಿತು. ‘ಬರೀ ಉಪ್ಪು. ಮದ್ವೆ ಆದಾಗಿಂದ ತಿಂತಾ ಇವ್ನಿ, ಒಂದಿನ ಬಾಯ್ಬುಟ್ಟಿಲ್ಲ.’ ಅಂಗಡಿಯ ಮುಂದೆ ಜನ ಸೇರಿದರು. ನಾನು ದನಿ ಇಳಿಸಬೇಕಿತ್ತು. ಆದರೆ ಸಂಜೆಯ ಹಳದಿ ಬಿಸಿಲು, ಕಣ್ಣಿಗೆ ಕಾಣದ ಹೆಂಡತಿ, ಕಿವಿಯ ಪಕ್ಕದಲ್ಲೇ ಅವಳ ದನಿ. ಎಷ್ಟು ಸ್ಪಷ್ಟ, ಎಷ್ಟು ಇಂಪು ಎಂದು ಹಾಗೇ ಕೂತುಬಿಟ್ಟೆ.

ವಾಪಸು ಬಂದವಳು ‘ಎಲ್ಲಿ ತನಕ ಕೇಳುಸ್ತು?’ ಎಂದಳು.

‘ಬೀದಿ ಕೊನೇ ಅರಳೀಮರದ ತನಕ.’

‘ಒಳಗೆ ಅತ್ತೆಗೆ?’

ಅಂಗಡಿಯ ಹಿಂದೆಯೇ ನಮ್ಮ ಮನೆ. ಅವ್ವ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: ‘ಸಾರಿನ್ ಇಸ್ಯ ಚೆನ್ನಾಗ್ ಕೇಳುಸ್ತು ಕಣವ್ವ. ಗೊರಕೇದು ಸರಿಯಾಗ್ ಕೇಳ್ನಿಲ್ಲ, ಇನ್ನೊಂದ್ಸಲ ಯೋಳು.’

ಆವತ್ತೇ ಹೆಂಡತಿ ತೀರ್ಪು ಕೊಟ್ಟಳು. ‘ಈ ಮದ್ವೆ ಕಾಲ ಮುಗಿಯೋ ತನಕ ನೋಡ್ತೀನಿ. ಇನ್ನೊಂದ್ ಕಡೆ ಮಾನ ಓದ್ರೆ ಇದು ಅಟ್ಟಕ್ಕೆ, ಅಳೇ ತಂತಿ ಕೆಳಿಕ್ಕೆ.’ ಅವಳು ಆಡಿದಂತೆ ಮಾಡುವವಳು. ಅಟ್ಟದಲ್ಲಿ ಧೂಳು ತಿನ್ನುತ್ತಾ ಮಲಗಿದ ಮೈಕನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಯಿತು.

೨. ಐದಡಿ ಅಂತರ

ಮಂಡ್ಯದಲ್ಲಿ ಒಂದೇ ಕಟ್ಟಡ, ಎರಡು ಹಾಲು. ಕೆಳಗೆ ಕಬ್ಬು ಬೆಳೆಗಾರರ ತರಬೇತಿ, ಮೈಕು ನಮ್ಮದು. ಮೇಲೆ ನಿಶ್ಚಿತಾರ್ಥ, ಅಲ್ಲೂ ವೈರ್‌ಲೆಸ್ಸು, ಬೇರೆಯವರದು. ಎರಡು ಸೆಟ್ಟೂ ಒಂದೇ ಚಾನೆಲ್ಲಿನಲ್ಲಿದ್ದರೆ ಇವರ ಮಾತು ಅವರ ಡಬ್ಬಕ್ಕೆ, ಅವರದು ಇವರ ಡಬ್ಬಕ್ಕೆ ನುಗ್ಗುತ್ತದೆ. ಮೊದಲೇ ನೋಡಿ ಬದಲಾಯಿಸಿಕೊಳ್ಳಬೇಕು. ನಾನು ಕಿಟಕಿಯಾಚೆ ಹೋಗುತ್ತಿದ್ದ ಬಿಳಿ ಮೋಡ ನೋಡುತ್ತಿದ್ದೆ.

ತರಬೇತಿಯ ಅಧಿಕಾರಿ ಮೈಕು ಆರಿಸಿ ನೀರು ಕುಡಿಯಲು ನಿಂತರು. ಆ ಬಿಡುವಿನಲ್ಲಿ ನಮ್ಮ ಸ್ಪೀಕರ್ ಬಾಕ್ಸಿನಿಂದ ಮಂತ್ರ ಇಳಿಯಿತು. ರೈತರೆಲ್ಲ ಎದ್ದು ಹೆಗಲಿನ ಟವೆಲ್ಲು ತೆಗೆದು ಕೈಮುಗಿದರು. ಅಧಿಕಾರಿಯೂ ಬಾಟಲಿ ಹಿಡಿದುಕೊಂಡೇ ಕೈಮುಗಿದರು. ಕಬ್ಬಿನ ಗದ್ದೆಯ ಮೇಲೆ ಯಾರೋ ಪನ್ನೀರು ಚಿಮುಕಿಸಿದ ಹಾಗಿತ್ತು. ನನಗೆ ಅದನ್ನು ನಿಲ್ಲಿಸುವ ಮನಸ್ಸೇ ಬರಲಿಲ್ಲ.

ಮೇಲೆ ನಡೆದದ್ದು ಆಮೇಲೆ ತಿಳಿಯಿತು. ಪುರೋಹಿತರು ತಮ್ಮ ಮೈಕು ಆರಿಸಿ ತಾಂಬೂಲ ಜೋಡಿಸುತ್ತಿದ್ದರಂತೆ. ಹುಡುಗ ಹುಡುಗಿ ಒತ್ತಿಕೊಂಡು ಕೂತಿದ್ದರಂತೆ. ಆಗ ಬಾಕ್ಸಿನಿಂದ, ಕೆಳಗೆ ಕಬ್ಬಿನ ಸಾಲಿನ ಅಳತೆ ಹೇಳುತ್ತಿದ್ದ ನಮ್ಮ ಅಧಿಕಾರಿಯ ಗಡಸು ದನಿ: ‘ಹತ್ತಿರ ಹತ್ತಿರ ಬೇಡವೇ ಬೇಡ. ಮಧ್ಯೆ ಐದಡಿ ಬಿಡಿ.’ ಹುಡುಗ ದಡಕ್ಕನೆ ಎದ್ದು ಕುರ್ಚಿ ಎಳೆದುಕೊಂಡು ದೂರ ಹೋದನಂತೆ.

ಕ್ಷಮೆ ಕೇಳಲು ನನ್ನ ಹೆಂಡತಿ ಮೆಟ್ಟಿಲು ಹತ್ತಿದಳು. ಹುಡುಗಿಯ ಅಜ್ಜಿ ಅವಳ ಕೈ ಹಿಡಿದುಕೊಂಡರು. ‘ಯಾರವ್ವ ಆ ಸ್ವಾಮಿ? ನಾನ್ ಬೆಳಗ್ಗಿಂದ ಯೋಳುದ್ರೂ ಯಾರೂ ಕೇಳ್ನಿಲ್ಲ. ಅವ್ರೊಂದ್ ಮಾತ್ ಅಂದ್ರು, ಕೇಳುದ್ರು.’

ಅಜ್ಜಿ ಹೊಗಳಿದ್ದರಿಂದ ಇದು ಮಾನ ಹೋದ ಲೆಕ್ಕಕ್ಕೆ ಬರಲಿಲ್ಲ.

೩. ಮಾತು ರೈಲು ಹತ್ತಿದರೆ

ಯಲಿಯೂರಿನ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಸಂಘದ ಸಭೆ. ಊರಿನ ಹಿರಿಯ ಯಜಮಾನರು ಮೈಕನ್ನು ತಿರುವಿ ತಿರುವಿ ನೋಡಿ ‘ಇದ್ರ ಬಾಲ ಎಲ್ಲಿ?’ ಎಂದರು.

‘ಬಾಲ ಇಲ್ಲ ಯಜಮಾನ್ರೇ, ಮಾತು ಗಾಳೀಲಿ ಬತ್ತದೆ.’

‘ಗಾಳೀಲಿ ಬುಟ್ಟ ಮಾತು ನಿನ್ ಡಬ್ಬಕ್ಕೇ ಬತ್ತದೆ ಅಂತ ಏನ್ ಗ್ಯಾರಂಟಿಲಾ? ಇಲ್ಲಿ ಗಳಿಗ್ಗೊಂದ್ ರೈಲ್ ಓಯ್ತದೆ. ನನ್ ಮಾತು ಅದುನ್ನತ್ತಿ ಮೈಸೂರ್ಗೆ ಓದ್ರೆ?’

ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಗದ್ದೆ ನೋಡುತ್ತಾ ಹೋಗುವ ಯಜಮಾನರ ಮಾತು ಕಣ್ಣಿಗೆ ಕಟ್ಟಿತು. ಅವರು ಮಾತ್ರ ಮೈಕು ಮುಟ್ಟಲೊಪ್ಪಲಿಲ್ಲ, ಸಭೆ ನಿಂತಿತು. ಹೆಂಡತಿ ದೂರದಿಂದಲೇ ಅಟ್ಟದ ನೋಟ ನೋಡಿದಳು.

ಹಳೇ ತಂತಿಯ ತುಂಡೊಂದನ್ನು ಮೈಕಿನ ಬುಡಕ್ಕೆ ಟೇಪು ಸುತ್ತಿ ಅಂಟಿಸಿಕೊಟ್ಟೆ. ಯಜಮಾನರು ಸರಾಗವಾಗಿ ಮಾತಾಡಿದರು. ನಡುವೆ ರೈಲು ಹೋದಾಗ ಮಾತ್ರ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, ‘ಈಗ್ ನೋಡ್ಲಾ, ದನಿ ಎಂಗೆ ಗಟ್ಟಿಯಾಗ್ ಬಂತು’ ಎಂದರು. ತಂತಿಯ ಇನ್ನೊಂದು ತುದಿ ಅಷ್ಟೊತ್ತೂ ನನ್ನ ಜೇಬಿನಲ್ಲಿತ್ತು.

೪. ಕಟ್ಟಿದ ಮಡಿಲು

ಮದುವೆ ಕಾಲದ ಕೊನೆಯ ಮದುವೆ ಮಳವಳ್ಳಿಯ ಒಂದು ಛತ್ರದಲ್ಲಿ. ಇದೊಂದು ದಾಟಿದರೆ ವೈರ್‌ಲೆಸ್ಸು ಉಳಿಯುತ್ತದೆ. ಹೆಣ್ಣಿನ ತಂದೆ ಬಿಗಿ ಮುಖದ ಮನುಷ್ಯ. ಬಂದವರಿಗೆಲ್ಲ ‘ಊಟ ಆಯ್ತಾ’ ಎನ್ನುವುದು ಬಿಟ್ಟರೆ ಅವರ ಬಾಯಲ್ಲಿ ಇನ್ನೊಂದು ಮಾತಿಲ್ಲ.

ಹೆಣ್ಣು ಕಳಿಸುವ ಹೊತ್ತಾಯಿತು. ಹೆಣ್ಣು ಮಡಿಲು ತುಂಬಿಸಿಕೊಳ್ಳಲು ಸೆರಗೊಡ್ಡಿ ಕೂತಳು. ಅವಳ ಸೋದರತ್ತೆ ನಮ್ಮ ಮೈಕು ಹಿಡಿದು ಸೋಬಾನೆ ಹೇಳುತ್ತಿದ್ದರು. ನಾನು ಮೂಲೆಯಲ್ಲಿ ಡಬ್ಬದ ಮುಂದೆ ಕಣ್ಣು ಅರ್ಧ ಮುಚ್ಚಿದ್ದೆ. ಹಾಡು ನಿಂತಿತು. ಆಮೇಲೆ ಬಾಕ್ಸಿನಿಂದ ಸೋ ಎಂದು ಮಳೆ ಸುರಿಯುವ ಸದ್ದು. ಹೊರಗೆ ಬಿಸಿಲು ಕಾಣುತ್ತಿದ್ದರೂ ನಾನು ಮಳೆ ಎಂದೇ ನಂಬಿ ಸುಖವಾಗಿ ಕೇಳುತ್ತಾ ಕೂತೆ. ಹೆಂಡತಿ ತಿವಿದಾಗಲೇ ಎಚ್ಚರ.

‘ಮೈಕ್ ಎಲ್ರೀ?’

ಅಕ್ಕಿ ತುಂಬಲು ಸೋದರತ್ತೆಗೆ ಎರಡು ಕೈಯೂ ಬೇಕಾಗಿತ್ತು. ಮೈಕನ್ನು ಎದುರಿಗೆ ಕಂಡ ಜಾಗದಲ್ಲಿ, ಅಂದರೆ ಒಡ್ಡಿದ ಮಡಿಲಲ್ಲೇ ಇಟ್ಟಿದ್ದರು. ಅದರ ಮೇಲೆ ಮುತ್ತೈದೆಯರೆಲ್ಲ ಅಕ್ಕಿ ಸುರಿದು, ಕಾಯಿ ಬೆಲ್ಲ ಇಟ್ಟು, ಗಂಟು ಕಟ್ಟಿ ಮುಗಿಸಿದ್ದರು. ನನ್ನ ಮಳೆ ಆ ಅಕ್ಕಿಯೇ.

ಓಡಿಹೋಗಿ ‘ಒಂದ್ ಗಳಿಗೆ ಗಂಟು ಬಿಚ್ಚಿ ಅವ್ವ, ಮೈಕ್ ತಕ್ಕತೀನಿ’ ಎಂದೆ.

‘ಕಟ್ಟಿದ್ ಮಡ್ಲು ಬಿಚ್ಚದಾ? ಗಂಡನ್ ಮನೆ ದೇವ್ರ ಮುಂದೆ ಬಿಚ್ಚೋ ತನಕ ಯಾರೂ ಮುಟ್ಟಂಗಿಲ್ಲ. ನಡಿಯಪ್ಪ ಅತ್ತಗೆ’ ಎಂದರು ಸೋದರತ್ತೆ.

ಹೆಣ್ಣು ಮಡಿಲು ಹೊತ್ತು ಹೋಗಿ ಕಾರಿನಲ್ಲಿ ಗಂಡನ ಪಕ್ಕ ಕೂತಳು. ಕಾರು ಛತ್ರದ ಬಾಗಿಲಲ್ಲೇ ಗುರುಗುಡುತ್ತಾ ನಿಂತಿತ್ತು; ಆ ಸದ್ದಿನಲ್ಲಿ ಒಳಗಿನ ಬಾಕ್ಸು ಅವರಿಗೆ ಕೇಳುವಂತಿರಲಿಲ್ಲ. ತಾಯಿ ಅಳುತ್ತಿದ್ದರು. ತಂದೆ ಕಂಬದ ಪಕ್ಕ ಇನ್ನೊಂದು ಕಂಬವಾಗಿ ನಿಂತಿದ್ದರು. ಆಗ ಬಾಕ್ಸಿನಿಂದ ಹೆಣ್ಣಿನ ದನಿ ಬಂತು, ಗಂಡನಿಗೆ ಹೇಳುತ್ತಿರುವುದು.

‘ಅಪ್ಪ ಅಳ್ತಾನೇ ಇಲ್ಲ ನೋಡ್ರೀ. ನಾನತ್ರೆ ಅವ್ರು ತಡ್ಕಳಕಿಲ್ಲ ಅಂತ ನಾನೂ ತಡ್ಕಂಡ್ ಕೂತಿವ್ನಿ.’ ಹಿಂದೆಯೇ, ‘ಬೆಳಗ್ಗಿಂದ ಒಂದಗಳೂ ತಿಂದಿಲ್ಲ ಕಣ್ರೀ. ಎಲ್ರೂ ಫೋಟೋ ತಗುದ್ರು, ಉಂಡ್ಯಾ ಅಂತ ಒಬ್ರೂ ಕೇಳ್ನಿಲ್ಲ.’

ಛತ್ರದವರೆಲ್ಲ ಬಾಕ್ಸಿನ ಕಡೆ ತಿರುಗಿದರು. ಹೆಂಡತಿಯ ಕೈ ಮಿಕ್ಸರಿನ ಗುಂಡಿಯ ಮೇಲಿತ್ತು. ಮುಗಿಯಿತು, ದನಿ ಇಳಿಸುತ್ತಾಳೆ, ಮೈಕು ಅಟ್ಟ ಸೇರಿತು ಎಂದುಕೊಂಡೆ. ಅಷ್ಟರಲ್ಲಿ ತಂದೆ ಅಡುಗೆಯವರ ಹತ್ತಿರ ಹೋಗಿ, ಎಲೆಯಲ್ಲಿ ಒಬ್ಬಟ್ಟು ಹಿಡಿದು ಬಂದು ಕಾರಿನ ಕಿಟಕಿಗೆ ಬಗ್ಗಿದರು.

‘ತಿನ್ನು ಮಗ’ ಎಂದಿತು ಬಾಕ್ಸು. ಆಮೇಲೆ, ‘ಅಳ್ಬೇಕು ಅನ್ಸುದ್ರೆ ಅಳು. ನಾನೂ ಅಳ್ತೀನಿ.’

ಹೆಂಡತಿ ಗುಂಡಿ ತಿರುಗಿಸಿದಳು. ಇಳಿಸಲಿಲ್ಲ, ಏರಿಸಿದಳು. ಊಟಕ್ಕೆ ಕೂತಿದ್ದವರೂ ಕೈ ನಿಲ್ಲಿಸಿ ಅತ್ತರು, ನಾನೂ ಅತ್ತೆ. ಕಾರು ಹೊರಟಿತು. ದನಿ ಸಣ್ಣದಾಗುತ್ತಾ, ಕೊರಕೊರ ಎನ್ನುತ್ತಾ, ಕೊನೆಗೆ ಬಂದದ್ದು ಇಷ್ಟು:

‘ಮಡ್ಲಲ್ಲಿ ಏನೋ ಒತ್ತುತಾ ಐತೆ ಕಣ್ರೀ.’

‘ಕಾಯಿ ಇರ್ಬೇಕು, ಸುಮ್ಕೆ ತಿನ್ನು.’

ಮಾರನೆಯ ದಿನ ಇಬ್ಬರೂ ಸ್ಕೂಟರಿನಲ್ಲಿ ಹಲಗೂರಿನ ಕಡೆಗೆ, ಗಂಡಿನ ಮನೆಗೆ ಹೋದೆವು. ಮೈಕು ಕುಂಕುಮ ಇಡಿಸಿಕೊಂಡು ದೇವರ ಮುಂದೆ ಕೂತಿತ್ತು. ‘ಮಡ್ಲಲ್ಲಿ ಬಂದದ್ದು ಲಕ್ಷ್ಮಿ. ಅಂಗೇ ಎತ್ಕೊಡಕ್ಕಾಗಕಿಲ್ಲ’ ಎಂದರು ಗಂಡಿನ ತಾಯಿ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, ‘ಅದಿಲ್ದೆ ನಮ್ಗೆ ಕೈಯೇ ಆಡಕಿಲ್ಲ ಕಣವ್ವ’ ಎಂದಳು.

ಅವರು ಯೋಚನೆ ಮಾಡಿ ದಾರಿ ಕಂಡುಹಿಡಿದರು. ಮಡಿಲಲ್ಲಿ ಬಂದದ್ದು ಮಡಿಲಲ್ಲೇ ಹೋಗಬೇಕು. ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ, ಸೆರಗೊಡ್ಡಿಸಿ, ಅಕ್ಕಿ, ಕಾಯಿ, ಬೆಲ್ಲ, ಮೈಕು ತುಂಬಿ ಗಂಟು ಹಾಕಿದರು.

ದಾರಿಯುದ್ದಕ್ಕೂ ಗದ್ದೆಗಳ ತಂಪು ಗಾಳಿ. ಅವಳು ಹಿಂದಿನ ಸೀಟಿನಲ್ಲಿ ಮಡಿಲು ತಬ್ಬಿಕೊಂಡು ಕೂತಿದ್ದಳು. ಮದ್ದೂರು ಹತ್ತಿರವಾದಾಗ ಧೈರ್ಯ ಮಾಡಿ ಕೇಳಿದೆ.

‘ಅಟ್ಟಕ್ಕೆ ಆಕೋ ಇಸ್ಯ ಏನ್ ಮಾಡ್ದೆ?’

‘ಮಡ್ಲಲ್ಲಿ ಬಂದದ್ನ ಯಾರಾದ್ರೂ ಅಟ್ಟಕ್ಕೆ ಆಕ್ತಾರಾ?’ ಎಂದಳು. ‘ಇನ್ಮೇಲೆ ಇದು ನಂದು. ನೀವು ಮುಟ್ಬೇಕಾದ್ರೆ ನನ್ ಕೇಳಿ ಮುಟ್ಟಿ.’